ಆ ಮೂರು ಸಾಲುಗಳು ಯಾಕಿವೆ?

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ಈಗ ಯಾವ ಹೊಸ ಸಾಫ್ಟ್‌ವೇರ್ ಮಾಡ್ತಾ ಇದ್ದೀರಿ?" ನನ್ನ ಉತ್ತರ ಕೇಳಿ ಅವರಿಗೆ ನಿರಾಸೆಯಾಗುತ್ತದೆ. 35 ವರ್ಷಗಳ ಈ ಕೆಲಸದಲ್ಲಿ ಖಾಲಿ ಪರದೆಯ ಮುಂದೆ ಕೂತು ಮೊದಲ ಸಾಲಿನಿಂದ ಹೊಸದಾಗಿ ಬರೆದದ್ದು ಒಟ್ಟು ಸೇರಿಸಿದರೆ ನಾಲ್ಕು ವರ್ಷ ಆದೀತು. ಉಳಿದ ಕಾಲವೆಲ್ಲ ಬೇರೆಯವರು ಬರೆದಿಟ್ಟದ್ದನ್ನು ಓದುವುದು, ಅರ್ಥ ಮಾಡಿಕೊಳ್ಳುವುದು, ಅಲ್ಲೊಂದು ಇಲ್ಲೊಂದು ಸಾಲು ಬದಲಿಸುವುದು, ಬದಲಿಸಿದ ಮೇಲೆ ಬೇರೆಲ್ಲೂ ಏನೂ ಕೆಟ್ಟಿಲ್ಲ ತಾನೇ ಎಂದು ನೋಡುವುದು, ಇದರಲ್ಲೇ ಹೋಯಿತು. ನಮ್ಮ ವೃತ್ತಿಯಲ್ಲಿ ಇದಕ್ಕೆ ಮೆಂಟೆನೆನ್ಸ್ ಎನ್ನುತ್ತಾರೆ. ಮುಂಬಯಿಯವರಿಗೆ ಮೆಂಟೆನೆನ್ಸ್ ಎಂದರೆ ತಿಂಗಳು ತಿಂಗಳು ಸೊಸೈಟಿಗೆ ಕಟ್ಟುವ, ಕಟ್ಟುವಾಗಲೆಲ್ಲ ಗೊಣಗುವ ಹಣ. ಸಾಫ್ಟ್‌ವೇರ್ ಕಂಪನಿಗಳಲ್ಲೂ ಆ ಶಬ್ದಕ್ಕೆ ಇರುವ ಮರ್ಯಾದೆ ಅಷ್ಟೇ. ಹೊಸದಾಗಿ ಸೇರಿದ ಹುಡುಗರನ್ನು ಆ ವಿಭಾಗಕ್ಕೆ ಹಾಕಿದರೆ ಮುಖ ಸಪ್ಪಗಾಗುತ್ತದೆ.

ಬರುವ ವರ್ಷ ನನಗೆ ನಿವೃತ್ತಿ. ನನ್ನ ಕೈಯಲ್ಲಿರುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕು. ಒಪ್ಪಿಸುವುದು ಏನನ್ನು ಎಂದು ಯೋಚಿಸುತ್ತಾ ಕೂತಾಗ ಹೊಳೆದ ಕೆಲವು ಮಾತುಗಳು ಇವು.

ನಾನು ಕುಂದಾಪುರದ ಕಡೆಯವನು. 1989ರಲ್ಲಿ ಮುಂಬಯಿಗೆ ಬಂದು, ಡೊಂಬಿವಲಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು, ಫೋರ್ಟ್‌ನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿದೆ. ಬ್ಯಾಂಕುಗಳಲ್ಲಿ ಆಗಷ್ಟೇ ಕಂಪ್ಯೂಟರ್ ಕಾಲಿಡುತ್ತಿತ್ತು. 1984ರಲ್ಲಿ ರಂಗರಾಜನ್ ಸಮಿತಿಯು ಶಾಖೆಗಳಲ್ಲಿ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳನ್ನು ತರಲು ಶಿಫಾರಸು ಮಾಡಿತ್ತು. ಕೆಲಸ ಹೋದೀತೆಂದು ನೌಕರರ ಸಂಘಗಳಿಗೆ ಆತಂಕವಿದ್ದ ಕಾಲ. ನಮ್ಮ ಕಂಪನಿಗೆ ಸಿಕ್ಕಿದ್ದು ಒಂದು ಸಹಕಾರಿ ಬ್ಯಾಂಕಿನ ಕೆಲಸ. ಯುನಿಕ್ಸ್ ಯಂತ್ರ, ಕೋಬಾಲ್ ಭಾಷೆ. ದಪ್ಪ ರಟ್ಟಿನ ಲೆಡ್ಜರುಗಳಲ್ಲಿದ್ದ ಖಾತೆಗಳನ್ನು ಒಂದೊಂದಾಗಿ ಯಂತ್ರಕ್ಕೆ ಏರಿಸಬೇಕು. ಖಾತೆದಾರರಲ್ಲಿ ಬಹಳಷ್ಟು ಮಂದಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರು, ಸಣ್ಣ ಅಂಗಡಿ ಇಟ್ಟವರು. ಮುಂದೆ ನಾನು ಎರಡು ಸಲ ಕಂಪನಿ ಬದಲಿಸಿದರೂ ಆ ಬ್ಯಾಂಕಿನ ಸಾಫ್ಟ್‌ವೇರ್ ಒಂದಲ್ಲ ಒಂದು ರೂಪದಲ್ಲಿ ನನ್ನ ಮೇಜಿಗೇ ಬರುತ್ತಿತ್ತು.

ಜಟಿಲವಾದ ಸಾಫ್ಟ್‌ವೇರ್ ಎಂದರೆ ಅದರೊಳಗೆ ದೊಡ್ಡ ಗಣಿತ ಇರುತ್ತದೆಂದು ಹೊರಗಿನವರು ತಿಳಿಯುತ್ತಾರೆ. ಬಡ್ಡಿಯ ಸೂತ್ರ ಶಾಲೆಯಲ್ಲೇ ಕಲಿತದ್ದು: ಅಸಲು, ದರ, ಅವಧಿಯನ್ನು ಗುಣಿಸಿ ನೂರರಿಂದ ಭಾಗಿಸಿದರೆ ಮುಗಿಯಿತು. ಪ್ರೋಗ್ರಾಮಿನಲ್ಲಿ ಅದಕ್ಕೆ ಒಂದು ಸಾಲು ಸಾಕು. ಆದರೆ ಆ ಬ್ಯಾಂಕಿನ ಬಡ್ಡಿಯ ಪ್ರೋಗ್ರಾಂ ಪ್ರಿಂಟ್ ತೆಗೆದರೆ 40 ಪುಟ ಬರುತ್ತಿತ್ತು. ಉಳಿದ ಪುಟಗಳಲ್ಲಿ ಏನಿತ್ತು? ಹಿರಿಯ ನಾಗರಿಕರಿಗೆ ಒಂದು ದರ, ಬ್ಯಾಂಕಿನ ನೌಕರರಿಗೆ ಇನ್ನೊಂದು. ಅವಧಿಗೆ ಮುಂಚೆ ಠೇವಣಿ ಮುರಿದರೆ ಎಷ್ಟು ಕಡಿತ, ಠೇವಣಿದಾರ ತೀರಿಕೊಂಡಿದ್ದರಿಂದ ಮುರಿದಿದ್ದರೆ ಆ ಕಡಿತ ಇಲ್ಲ. ಅವಧಿ ಮುಗಿಯುವ ದಿನ ರಜೆ ಬಂದರೆ ಏನು? ಫಾರ್ಮ್ 15ಎಚ್ ಕೊಟ್ಟವರಿಗೆ ತೆರಿಗೆ ಹಿಡಿಯಬಾರದು, ಆದರೆ ಕೊಟ್ಟದ್ದು ಹೋದ ವರ್ಷವಾದರೆ ಹಿಡಿಯಬೇಕು. ಕೋರ್ಟು ಜಪ್ತಿ ಮಾಡಿದ ಖಾತೆಯ ಬಡ್ಡಿ ಬೆಳೆಯಬೇಕು, ಹಣ ಮಾತ್ರ ಹೊರಗೆ ಹೋಗಬಾರದು. ಹೀಗೆ ಪ್ರತಿಯೊಂದು 'ಆದರೆ'ಯ ಹಿಂದೆ ಎಂದೋ ಒಂದು ದಿನ ಕೌಂಟರಿನ ಮುಂದೆ ನಿಂತು ತಕರಾರು ಮಾಡಿದ ಒಬ್ಬ ಮನುಷ್ಯ ಇದ್ದಾನೆ. ಸಾಫ್ಟ್‌ವೇರ್ ಜಟಿಲವಾಗುವುದು ಗಣಿತದಿಂದಲ್ಲ, ಇಂಥ ಮನುಷ್ಯರಿಂದ.

ನಮ್ಮ ಹೆಸರುಗಳನ್ನೇ ನೋಡಿ. ಮುಂಬಯಿಯ ಅರ್ಜಿ ಫಾರಂನಲ್ಲಿ ಮೂರು ಚೌಕ: ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು. ಇಲ್ಲಿಯವರಿಗೆ ಇದು ಸರಿ. ನಮ್ಮಲ್ಲಿ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಕೊನೆಗೆ ಸ್ವಂತ ಹೆಸರು. ಅಡ್ಡಹೆಸರೇ ಇಲ್ಲದವರು ಎಷ್ಟೋ ಮಂದಿ. ಅಡ್ಡಹೆಸರು ತುಂಬದೆ ಕಂಪ್ಯೂಟರ್ ಮುಂದಕ್ಕೆ ಬಿಡುವುದಿಲ್ಲ. ಗುಮಾಸ್ತರು ಒಂದು ಚುಕ್ಕೆ ಹಾಕಿದರು, ಕೆಲವರು ಸ್ವಂತ ಹೆಸರನ್ನೇ ಎರಡು ಸಲ ಬರೆದರು, ಕೆಲವರು ಊರಿನ ಹೆಸರನ್ನು ಅಡ್ಡಹೆಸರು ಮಾಡಿಬಿಟ್ಟರು. ಆ ದಿನಕ್ಕೆ ಕೆಲಸ ಆಯಿತು. 15-20 ವರ್ಷಗಳ ನಂತರ ಪ್ಯಾನ್, ಆಧಾರ್‌ಗಳೊಂದಿಗೆ ಹೆಸರು ಹೊಂದಿಸುವ ಕಾಲ ಬಂದಾಗ ಇವರೆಲ್ಲ ಸಾಲಾಗಿ ಬ್ಯಾಂಕಿಗೆ ಬಂದು ನಿಂತರು. ಫಾರಂ ಮಾಡಿದವರಿಗೆ ಜಗತ್ತಿನಲ್ಲಿ ಬೇರೆ ರೀತಿಯ ಹೆಸರೂ ಇರುತ್ತದೆಂದು ಹೊಳೆದಿರಲಿಲ್ಲ. ಈ ಓದುಗರಲ್ಲೂ ಹಲವರು ಆ ಸಾಲಿನಲ್ಲಿ ನಿಂತಿರಬಹುದು.

ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ. ಪ್ರೋಗ್ರಾಮಿಗೆ ಎರಡೂ ಇಲ್ಲ. 1989ರಲ್ಲಿ ಬರೆದ ಸಾಲು ಇವತ್ತೂ ಅಕ್ಷರ ಮಾಸದೆ ಹಾಗೇ ಇರುತ್ತದೆ. ಹಾಗಿದ್ದ ಮೇಲೆ ಅದಕ್ಕೆ ನಿರ್ವಹಣೆ ಯಾಕೆ ಎಂದು ಕೇಳುವವರಿದ್ದಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿದ್ದ ಮ್ಯಾನಿ ಲೆಹ್ಮನ್ 1970ರ ದಶಕದಲ್ಲೇ ಇದಕ್ಕೆ ಉತ್ತರ ಹೇಳಿದ್ದರು. ಜನ ಬಳಸುತ್ತಿರುವ ಪ್ರೋಗ್ರಾಂ ಬದಲಾಗುತ್ತಲೇ ಇರಬೇಕು, ಇಲ್ಲದಿದ್ದರೆ ದಿನೇ ದಿನೇ ನಿರುಪಯೋಗಿಯಾಗುತ್ತದೆ. ಬದಲಾದಷ್ಟೂ, ಬೇಕೆಂದೇ ಕೂತು ಸರಳಗೊಳಿಸದಿದ್ದರೆ, ಹೆಚ್ಚು ಗೋಜಲಾಗುತ್ತದೆ. ಪ್ರೋಗ್ರಾಂ ಇದ್ದಲ್ಲೇ ಇರುತ್ತದೆ, ಸುತ್ತಲಿನ ಲೋಕ ಸರಿದುಬಿಡುತ್ತದೆ.

ನಮ್ಮ ಬ್ಯಾಂಕಿಂಗ್ ಲೋಕ ಎಷ್ಟು ಸರಿದಿದೆ ನೋಡಿ. 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಯ ಬಡ್ಡಿಯನ್ನು ದಿನದಿನದ ಬಾಕಿಯ ಮೇಲೆ ಲೆಕ್ಕ ಹಾಕಬೇಕಾಯಿತು. 2011ರ ಮೇ ತಿಂಗಳಲ್ಲಿ ದರ ಶೇ. 3.5ರಿಂದ 4ಕ್ಕೆ ಏರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದರ ನಿಗದಿಯನ್ನು ಬ್ಯಾಂಕುಗಳಿಗೇ ಬಿಟ್ಟರು. ಅದುವರೆಗೆ ದರ ಎಂದರೆ ಇಡೀ ದೇಶಕ್ಕೆ ಒಂದೇ ಅಂಕಿ ಎಂದು ನಂಬಿದ್ದ ಪ್ರೋಗ್ರಾಮುಗಳೆಲ್ಲ ಬಿಚ್ಚಬೇಕಾಯಿತು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳೊಳಗೆ ವಿಲೀನವಾದವು. ನಮಗೆಲ್ಲ ಅದು ಮನೆಯವರನ್ನು ಕಳಕೊಂಡಂತಹ ಸುದ್ದಿ. ಒಳಗೆ ಕೂತವರಿಗೆ ಅದರ ಜೊತೆಗೆ ಇನ್ನೊಂದು ಚಿಂತೆಯಿತ್ತು: ಆ ಐಎಫ್‌ಎಸ್‌ಸಿ ಸಂಖ್ಯೆ ಎಲ್ಲೆಲ್ಲಿ, ಯಾರ್ಯಾರ ಸಂಬಳದ, ಪಿಂಚಣಿಯ, ಸಾಲದ ಕಂತಿನ ಪಟ್ಟಿಯಲ್ಲಿ ಕೂತಿದೆ?

ಕೋಡ್ ಬದಲಾಗದೆ ಲೋಕ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ವೃತ್ತಿಯವರೆಲ್ಲ ಹೇಳುವ ಉದಾಹರಣೆ 1996ರ ಜೂನ್ 4ರದ್ದು. ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಮೇಲೇರಿದ ಒಂದು ನಿಮಿಷದೊಳಗೆ ಸಿಡಿದುಹೋಯಿತು. ಕಾರಣವಾದ ತುಣುಕು ಏರಿಯಾನ್-4ರಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆದದ್ದು. ಹೊಸ ರಾಕೆಟಿನ ವೇಗ ಹೆಚ್ಚು. ಒಂದು ಅಳತೆ ಹಳೆಯ ಡಬ್ಬಿಯಲ್ಲಿ ಹಿಡಿಸದಷ್ಟು ದೊಡ್ಡದಾಯಿತು. ರಾಕೆಟ್ ನೆಲ ಬಿಟ್ಟ ಮೇಲೆ ಆ ಲೆಕ್ಕದ ಅಗತ್ಯವೇ ಇರಲಿಲ್ಲ ಎನ್ನುವುದು ಇನ್ನೂ ದೊಡ್ಡ ದುರಂತ.

ವೈಟುಕೆ ನೆನಪಿದೆಯಲ್ಲ? ಇಸವಿಗೆ ಎರಡೇ ಅಂಕಿ ಇಟ್ಟುಕೊಂಡಿದ್ದರಿಂದ 2000 ಬಂದಾಗ ಕಂಪ್ಯೂಟರುಗಳು 1900 ಎಂದುಕೊಳ್ಳುತ್ತವೆಂಬ ಭಯ. 1998, 1999ರಲ್ಲಿ ನಾವು ರಾತ್ರಿ ಕೊನೆಯ ಲೋಕಲ್ ಹಿಡಿದದ್ದೇ ಹೆಚ್ಚು. ಜನವರಿ 1 ಬಂತು, ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. "ಸುಮ್ಮನೆ ಹೆದರಿಸಿ ದುಡ್ಡು ಮಾಡಿದ್ರಿ" ಎಂದು ಪರಿಚಿತರು ಇಂದಿಗೂ ತಮಾಷೆ ಮಾಡುತ್ತಾರೆ. ಏನೂ ಆಗದ ಹಾಗೆ ನೋಡಿಕೊಳ್ಳುವುದೇ ನಮ್ಮ ಕೆಲಸವಾಗಿತ್ತು. ನಿರ್ವಹಣೆಯ ಹಣೆಬರಹವೇ ಅದು, ಸರಿಯಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಂದಿನದು 2038ರಲ್ಲಿದೆ. ಬಹಳ ಯಂತ್ರಗಳು ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಆ ಎಣಿಕೆಗೆ 32 ಬಿಟ್‌ನ ಜಾಗ ಕೊಟ್ಟಲ್ಲೆಲ್ಲ 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ, ಜಾಗ ತುಂಬುತ್ತದೆ. ಇನ್ನೂ ದೂರವಿದೆ ಎನ್ನಬೇಡಿ. 2014ರಲ್ಲಿ 25 ವರ್ಷದ ಗೃಹಸಾಲ ತೆಗೆದುಕೊಂಡವರ ಕೊನೆಯ ಕಂತು 2039ರಲ್ಲಿದೆ. ಸಾಲದ ಪ್ರೋಗ್ರಾಮಿಗೆ 2038 ಆಗಲೇ ಬಂದು ಹೋಗಿದೆ.

ಈಗ ಶೀರ್ಷಿಕೆಯ ಮೂರು ಸಾಲುಗಳಿಗೆ ಬರುತ್ತೇನೆ. 2010ಕ್ಕಿಂತ ಮೊದಲು ಉಳಿತಾಯ ಖಾತೆಗೆ ಬಡ್ಡಿ ಬರುತ್ತಿದ್ದದ್ದು ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಬಾಕಿಯ ಮೇಲೆ. 10ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಉಂಟು, 11ಕ್ಕೆ ಕಟ್ಟಿದರೆ ಇಲ್ಲ. 2006ರಲ್ಲಿ ಆ ಸಹಕಾರಿ ಬ್ಯಾಂಕಿನ ಶಾಖೆಗಳನ್ನೆಲ್ಲ ಒಂದೇ ಕೇಂದ್ರದ ಹೊಸ ವ್ಯವಸ್ಥೆಗೆ ತರುತ್ತಿದ್ದೆವು. ಇಂಥ ಹೊತ್ತಿನಲ್ಲಿ ಹಳೆಯದನ್ನೂ ಹೊಸದನ್ನೂ ಕೆಲವು ತಿಂಗಳು ಜೊತೆಜೊತೆಗೆ ಓಡಿಸಿ ಲೆಕ್ಕ ತಾಳೆ ನೋಡುತ್ತಾರೆ. ಎಲ್ಲ ಶಾಖೆಗಳೂ ತಾಳೆಯಾದವು, ಒಂದನ್ನು ಬಿಟ್ಟು. ಅಲ್ಲಿ ನಲವತ್ತಕ್ಕೂ ಹೆಚ್ಚು ಖಾತೆಗಳಲ್ಲಿ ಮೂರು ರೂಪಾಯಿ, ಐದು ರೂಪಾಯಿ ವ್ಯತ್ಯಾಸ. ಹಳೆಯ ಪ್ರೋಗ್ರಾಂ ಹೆಚ್ಚು ಬಡ್ಡಿ ಕೊಡುತ್ತಿತ್ತು.

ಹುಡುಕಿದಾಗ ಆ ಮೂರು ಸಾಲು ಸಿಕ್ಕವು. ಆ ಒಂದು ಶಾಖೆಗೆ ಮಾತ್ರ, 10ನೇ ತಾರೀಕು ರಜೆಯಾಗಿದ್ದರೆ, ಮರುದಿನ ಜಮೆಯಾದ ಹಣವನ್ನು 10ಕ್ಕೇ ಬಂದದ್ದೆಂದು ಎಣಿಸು ಎನ್ನುತ್ತಿದ್ದವು. ಪಕ್ಕದಲ್ಲಿ ವಿವರಣೆಯಿಲ್ಲ. 1992ರ ಒಂದು ತಾರೀಕು, ಯಾವಾಗಲೋ ಕೆಲಸ ಬಿಟ್ಟು ಗಲ್ಫ್‌ಗೆ ಹೋಗಿದ್ದವರ ಇನಿಶಿಯಲ್, ಅಷ್ಟೇ. ಹೊಸ ವ್ಯವಸ್ಥೆಯ ತಂಡದವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: ಹಳೆಯದರಲ್ಲಿ ಬಗ್ ಇತ್ತು, ಹೊಸದೇ ಸರಿ, ವ್ಯತ್ಯಾಸ ಬಿಟ್ಟುಬಿಡಿ. ಅವರ ಮಾತಿನಲ್ಲೂ ಅರ್ಥವಿತ್ತು. ಆದರೆ ಬಗ್ ಎಂದರೆ ಕೈತಪ್ಪಿ ಆದದ್ದು. ಶಾಖೆಯ ನಂಬರು, ರಜೆ, ಮರುದಿನ, ಇಷ್ಟನ್ನೆಲ್ಲ ಯಾರೂ ಕೈತಪ್ಪಿ ಬರೆಯುವುದಿಲ್ಲ. ಯಾರೋ ಬೇಕೆಂದೇ ಬರೆದಿದ್ದಾರೆ ಎನ್ನಿಸಿತು.

ಬ್ಯಾಂಕಿನಿಂದ ನಿವೃತ್ತರಾಗಿ ಮುಲುಂಡಿನಲ್ಲಿದ್ದ ಅಕೌಂಟೆಂಟರೊಬ್ಬರು ನನಗೆ ಗೊತ್ತಿದ್ದರು, ಕಾರ್ಕಳ ಕಡೆಯವರು. ಒಂದು ರವಿವಾರ ಅವರ ಮನೆಗೆ ಹೋಗಿ ಕೇಳಿದೆ. ಅವರು ನಕ್ಕುಬಿಟ್ಟರು.

"ಅದು ಬಗ್ಗೂ ಅಲ್ಲ, ಗಿಗ್ಗೂ ಅಲ್ಲ ಮಾರಾಯ್ರೆ! ಆ ಬ್ರಾಂಚಿಗೆ ಬರುವವರು ಪೂರಾ ಕಾರ್ಖಾನೆ ಕ್ಯಾಂಟೀನಿನ ಹುಡುಗರು. ಅವರಿಗೆ ಸಂಬಳ ಹತ್ತನೇ ತಾರೀಕಿಗೆ. ಹತ್ತಕ್ಕೆ ನಮಗೆ ರಜೆ ಬಂದ್ರೆ ಹನ್ನೊಂದಕ್ಕೆ ತಂದು ಕಟ್ಟುದು. ರಜೆ ನಮ್ದು, ಬಡ್ಡಿ ಹೋಗುದು ಅವರದ್ದು. ಅದು ನ್ಯಾಯವಾ, ನೀವೇ ಹೇಳಿ? ಬೋರ್ಡಿನಲ್ಲಿ ಠರಾವು ಆಗಿ ಹಾಕಿಸಿದ್ದು."

ನಡಾವಳಿ ಪುಸ್ತಕ ತೆರೆಸಿ ನೋಡಿದರೆ ಠರಾವು ಇತ್ತು. ಆಡಳಿತ ಮಂಡಳಿಯ ಮುಂದೆ ವಿಷಯ ಹೋಯಿತು. ನೌಕರರ ಹಣ, ಮುಂದುವರಿಯಲಿ ಎಂದರು. ಹೊಸ ವ್ಯವಸ್ಥೆಯಲ್ಲಿ ಅದನ್ನು ಶಾಖೆಯ ನಂಬರಿನ ಹಿಂದೆ ಅಡಗಿಸದೆ, ಹೆಸರಿಟ್ಟ ಒಂದು ನಿಯಮವಾಗಿ, ಠರಾವಿನ ತಾರೀಕಿನೊಂದಿಗೆ ಬರೆದೆವು. 2010ರಲ್ಲಿ ದಿನದ ಲೆಕ್ಕ ಬಂದ ಮೇಲೆ 10ನೇ ತಾರೀಕಿಗೆ ಬೆಲೆಯೇ ಉಳಿಯಲಿಲ್ಲ. ಆಗ ಆ ನಿಯಮವನ್ನು ನಾವೇ ತೆಗೆದೆವು, ಯಾಕಿತ್ತು, ಯಾಕೆ ತೆಗೆದದ್ದು ಎಂದು ಬರೆದಿಟ್ಟು. ಉಳಿಸುವಾಗಲೂ ತೆಗೆಯುವಾಗಲೂ ಏನು ಮಾಡುತ್ತಿದ್ದೇವೆಂದು ಗೊತ್ತಿತ್ತು.

ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದನ್ನೇ ಹೇಳುತ್ತಾರೆ. ಪ್ರೋಗ್ರಾಂ ಎನ್ನುವುದು ಕಾಗದದ ಮೇಲಿನ ಸಾಲುಗಳಲ್ಲ, ಅದನ್ನು ಕಟ್ಟಿದವರ ತಲೆಯಲ್ಲಿರುವ ತಿಳಿವಳಿಕೆ ಎಂಬುದು ಅವರ ವಾದ. ಆ ಗುಂಪು ಚದುರಿದರೆ, ಯಂತ್ರ ಓಡುತ್ತಿದ್ದರೂ ಪ್ರೋಗ್ರಾಂ ಸತ್ತಂತೆ. ಅದನ್ನು ಮೊದಲ ಸಲ ಓದಿದಾಗ ಅತಿಶಯೋಕ್ತಿ ಎನಿಸಿತ್ತು. ಮುಲುಂಡಿನಿಂದ ವಾಪಸು ಬರುವಾಗ ಹಾಗನಿಸಲಿಲ್ಲ. ಸಾಲುಗಳು 14 ವರ್ಷ ನಮ್ಮ ಬಳಿಯೇ ಇದ್ದವು. ಅವುಗಳ ಕಾರಣ ಮಾತ್ರ ಒಬ್ಬ ನಿವೃತ್ತರ ನೆನಪಿನಲ್ಲಿತ್ತು.

ಹಳೆಯ ಗೋಜಲು ನೋಡಿ ಸಾಕಾದ ತಂಡಗಳಿಗೆ ಬರುವ ಮೊದಲ ಆಸೆ, ಎಲ್ಲವನ್ನೂ ಬಿಸಾಡಿ ಹೊಸದಾಗಿ ಬರೆಯೋಣ ಎಂಬುದು. ಮುಂಬಯಿಯಲ್ಲಿ ಇದು ಸುಲಭವಾಗಿ ಅರ್ಥವಾಗುತ್ತದೆ, ನಮ್ಮ ಸೊಸೈಟಿಗಳೆಲ್ಲ ರೀಡೆವಲಪ್‌ಮೆಂಟಿಗೆ ಹೊರಟಿವೆಯಲ್ಲ. ಆದರೆ ಕಟ್ಟಡ ಕೆಡಹುವಾಗ ನಮ್ಮನ್ನು ಬಾಡಿಗೆ ಮನೆಗೆ ಕಳಿಸುತ್ತಾರೆ. ಬ್ಯಾಂಕಿನ ಸಾಫ್ಟ್‌ವೇರ್ ಕೆಡಹುವಾಗ ಖಾತೆದಾರರೆಲ್ಲ ಒಳಗೇ ಇರುತ್ತಾರೆ, ಅಡುಗೆ ಮಾಡುತ್ತಾ, ಮಕ್ಕಳನ್ನು ಶಾಲೆಗೆ ಕಳಿಸುತ್ತಾ. ಒಂದು ದಿನವೂ ನಲ್ಲಿಯ ನೀರು ನಿಲ್ಲಬಾರದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಗಾದೆ ಇಲ್ಲಿ ಸರಿಯಾಗಿ ಹೊಂದುತ್ತದೆ. ಗೋಜಲು ಎಂದು ಎಸೆದ 40 ಪುಟಗಳಲ್ಲಿ ನೂರಾರು ತಕರಾರುಗಳ ಪರಿಹಾರ ಇರುತ್ತದೆ. ಹೊಸದು ಶುರುವಾದ ಮರುದಿನದಿಂದ ಆ ತಕರಾರುಗಳೆಲ್ಲ ಒಂದೊಂದಾಗಿ ಕೌಂಟರಿಗೆ ವಾಪಸು ಬರುತ್ತವೆ.

ಹಾಗೆಂದು ಹಳೆಯದೆಲ್ಲ ಪವಿತ್ರ ಎನ್ನುವ ಪಂಗಡದವನೂ ನಾನಲ್ಲ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದು. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನಲ್ಲಿ ಆದದ್ದು ಅದೇ. ವರ್ಷಗಳಿಂದ ಯಾರೂ ಬಳಸದ ಒಂದು ತುಣುಕನ್ನು ತೆಗೆಯದೆ ಬಿಟ್ಟಿದ್ದರು. ಅದನ್ನು ಎಬ್ಬಿಸುವ ಗುರುತನ್ನೇ ಹೊಸ ಕೆಲಸಕ್ಕೆ ಬಳಸಿಕೊಂಡರು. ಎಂಟು ಸರ್ವರುಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕುವುದು ತಪ್ಪಿಹೋಯಿತು. ಅಲ್ಲಿ ಮಲಗಿದ್ದ ಹಳೆಯ ತುಣುಕು ಎದ್ದು 45 ನಿಮಿಷ ಷೇರು ಕೊಂಡು ಮಾರಿತು. ನಷ್ಟ 44 ಕೋಟಿ ಡಾಲರಿಗೂ ಹೆಚ್ಚು. ಆ ಸಂಸ್ಥೆ ಸ್ವತಂತ್ರವಾಗಿ ಉಳಿಯಲಿಲ್ಲ. ಕಾರಣ ತಿಳಿಯದೆ ತೆಗೆಯುವುದು ಎಷ್ಟು ಅಪಾಯವೋ, ಕಾರಣ ಮುಗಿದದ್ದನ್ನು ಇಟ್ಟುಕೊಳ್ಳುವುದೂ ಅಷ್ಟೇ ಅಪಾಯ. ಎರಡಕ್ಕೂ ಮದ್ದು ಒಂದೇ: ಯಾಕೆ ಎಂದು ಗೊತ್ತಿರಬೇಕು.

ಈಗ ಕೃತಕ ಬುದ್ಧಿಮತ್ತೆಯ ಕಾಲ. ನಾವು ಒಂದು ವಾರ ತೆಗೆದುಕೊಳ್ಳುತ್ತಿದ್ದ ಪ್ರೋಗ್ರಾಂ ಅರ್ಧ ಗಂಟೆಯಲ್ಲಿ ತಯಾರು. ನಾನೂ ದಿನವೂ ಬಳಸುತ್ತೇನೆ, ಅದನ್ನು ಹಳಿಯುವ ವಯಸ್ಸಾದವರ ಸಾಲಿಗೆ ಸೇರುವ ಆಸೆ ನನಗಿಲ್ಲ. ಕುತೂಹಲಕ್ಕೆ ಒಮ್ಮೆ ನಮ್ಮ ಆ ಮೂರು ಸಾಲುಗಳ ಮಾದರಿಯನ್ನೇ ಬರೆದು ಕೊಟ್ಟು ಕೇಳಿದೆ. ಸಾಲುಗಳು ಏನು ಮಾಡುತ್ತವೆಂದು ಚೊಕ್ಕವಾಗಿ ಹೇಳಿತು. ಯಾಕೆ ಎಂದು ಕೇಳಿದ್ದಕ್ಕೆ, ಆ ಶಾಖೆಯ ಹಳೆಯ ಮಾಹಿತಿಯಲ್ಲಿ ದೋಷವಿದ್ದಿರಬಹುದು ಎಂದಿತು. ಊಹೆ ಚೆನ್ನಾಗಿಯೇ ಇತ್ತು. ಕ್ಯಾಂಟೀನಿನ ಹುಡುಗರು ಮಾತ್ರ ಅದರಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ, ಅವರನ್ನು ಯಾರೂ ಎಲ್ಲೂ ಕೋಡಿನಲ್ಲಿ ಬರೆದಿರಲಿಲ್ಲವಲ್ಲ. ಬರೆಯುವ ವೇಗ ಹೆಚ್ಚಿದಷ್ಟೂ ಕಾರಣ ಬರೆದಿಡದ ಸಾಲುಗಳ ರಾಶಿಯೂ ಬೆಳೆಯುತ್ತದೆ ಎನ್ನುವುದು ನನ್ನ ಚಿಂತೆ.

ನನ್ನ ಜಾಗಕ್ಕೆ ಬರುವವಳು ಕಲಬುರಗಿಯ ಹುಡುಗಿ, ಈಗಿನ್ನೂ 27. ಆರು ತಿಂಗಳಿಂದ ನಾವಿಬ್ಬರೂ ದಿನಕ್ಕೊಂದು ಗಂಟೆ ಕೂತು ಒಂದು ರಿಜಿಸ್ಟರ್ ಬರೆಯುತ್ತಿದ್ದೇವೆ. ಅವಳು ಕೋಡ್ ಓದುತ್ತಾ ಹೋಗುತ್ತಾಳೆ, ವಿಚಿತ್ರವೆನಿಸಿದಲ್ಲಿ ನಿಂತು "ಸರ್, ಇದ್ಯಾಕ ಹಿಂಗದ?" ಎನ್ನುತ್ತಾಳೆ. ಗೊತ್ತಿದ್ದಷ್ಟು ಹೇಳುತ್ತೇನೆ, ಅವಳು ತನ್ನ ಮಾತಿನಲ್ಲಿ ಬರೆಯುತ್ತಾಳೆ. ಇದುವರೆಗೆ ಇನ್ನೂರಕ್ಕೂ ಹೆಚ್ಚು ಉತ್ತರಗಳಾಗಿವೆ. ಹದಿನಾಲ್ಕು ಕಡೆ ಮಾತ್ರ 'ಕಾರಣ ತಿಳಿಯದು' ಎಂದು ಬರೆಸಬೇಕಾಯಿತು. ಕೇಳಬಹುದಾಗಿದ್ದವರು ಈಗ ಇಲ್ಲ. ಮುಲುಂಡಿನ ಅಕೌಂಟೆಂಟರೂ 2015ರಲ್ಲಿ ತೀರಿಕೊಂಡರು.

ಈ ಪತ್ರಿಕೆಯ ಓದುಗರಲ್ಲಿ ಸಾಫ್ಟ್‌ವೇರಿನವರು ಬಹಳ ಮಂದಿ ಇದ್ದೀರಿ. ಬ್ಯಾಂಕು, ರೈಲ್ವೆ, ವಿಮೆ, ಆಸ್ಪತ್ರೆ, ಎಲ್ಲಿದ್ದರೂ ನನ್ನದೊಂದು ಮಾತು. ನಿಮ್ಮ ಆಫೀಸಿನಲ್ಲಿ ಈ ವರ್ಷ ನಿವೃತ್ತರಾಗುವ ಗುಮಾಸ್ತರೋ, ಅಕೌಂಟೆಂಟರೋ, ಹಳೆಯ ಪ್ರೋಗ್ರಾಮರೋ ಇದ್ದರೆ ಬೀಳ್ಕೊಡುಗೆಯ ಶಾಲು ಹೊದಿಸುವ ತನಕ ಕಾಯಬೇಡಿ. ಒಂದು ಮಧ್ಯಾಹ್ನ ಚಹಾ ತರಿಸಿ, ಅವರ ಪಕ್ಕ ಕುರ್ಚಿ ಎಳೆದುಕೊಂಡು, ನಿಮಗೆ ತೀರಾ ಅಸಂಬದ್ಧವೆನಿಸಿದ ನಿಯಮ ಯಾವುದೋ ಅದರಿಂದ ಶುರುಮಾಡಿ ಕೇಳಿ. ಹೇಳಿದ್ದನ್ನು ಆ ದಿನವೇ ಬರೆದಿಡಿ.